ಗಿಲಕಿ ಎತ್ತಿದ ಪೈಲ್ವಾನ

"ಬುದ್ಧಿ, ನಾನು ಮಠಕ್ಕೆ ಬಂದದ್ದು ದೊಡ್ಡದನ್ನು ಕಲಿಯಲು. ನೀವು ನೋಡಿದರೆ ನೀರಿನ ಕೊಡ ಎತ್ತುವುದು ಹೇಗೆ, ಚಾಪೆಯಿಂದ ಏಳುವುದು ಹೇಗೆ ಎಂದೇ ಹೇಳುತ್ತಿದ್ದೀರಿ. ಇದೂ ಒಂದು ಪಾಠವೇ?"

ಶಿಷ್ಯ ಹೀಗೆ ಕೇಳುವಾಗ ಅವನ ಒಂದು ಕೈ ಸೊಂಟದ ಮೇಲಿತ್ತು. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಹಿಡಿದುಕೊಂಡ ನೋವು ಇನ್ನೂ ಬಿಟ್ಟಿರಲಿಲ್ಲ. ಗುರುಗಳು ಅದನ್ನು ನೋಡಿಯೂ ನೋಡದವರಂತೆ ಕತೆ ಶುರುಮಾಡಿದರು.

ಕೇಳು ಮರಿ. ಒಂದೂರಿನಲ್ಲಿ ಒಬ್ಬ ಪೈಲ್ವಾನನಿದ್ದ. ಆ ಊರಿನ ಗರಡಿಮನೆಯ ಮುಂದೆ ಒಂದು ಗುಂಡುಕಲ್ಲು. ಯುಗಾದಿಯ ದಿನ ಅದನ್ನು ನೆಲದಿಂದ ಎದೆಯವರೆಗೆ ಎತ್ತಿ ಹೆಗಲಿಗೇರಿಸುವುದು ಅಲ್ಲಿನ ಪದ್ಧತಿ. ಬೇರೆಯವರು ಅದನ್ನು ಅಲುಗಾಡಿಸುವಷ್ಟರಲ್ಲೇ ಉಸ್ಸಪ್ಪಾ ಎಂದು ಕೂತುಬಿಡುತ್ತಿದ್ದರು. ಇವನು ಎತ್ತಿದರೆ ಊರಿಗೆ ಊರೇ ಮೂಗಿನ ಮೇಲೆ ಬೆರಳಿಡುತ್ತಿತ್ತು.

ಅಂಥವನು ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದ. ಮಗಳ ಗಿಲಕಿ ಉರುಳಿ ಅವನ ಬೆನ್ನ ಹಿಂದೆ ಹೋಯಿತು. ಕೂತಲ್ಲಿಂದಲೇ ಮೈ ತಿರುಚಿ, ಒಂದು ಕೈ ಚಾಚಿ ಎತ್ತಿದ. ಸೊಂಟದಲ್ಲಿ ಚಳಕ್ಕೆಂದಿತು. ಅಷ್ಟೇ! ಗುಂಡುಕಲ್ಲು ಎತ್ತುವವನನ್ನು ನಾಲ್ಕು ಜನ ಹಿಡಿದು ಮಲಗಿಸಬೇಕಾಯಿತು.

ಎಣ್ಣೆ ತಿಕ್ಕಿದರು, ಬಿಸಿ ಮರಳಿನ ಶಾಖ ಕೊಟ್ಟರು. ಉಳುಕು ತೆಗೆಯುವವರು ಬಂದರು, ಹೋದರು. ನೋವೇನೋ ಅರ್ಧ ಇಳಿಯಿತು. ಆದರೆ ಹೆದರಿಕೆ ಇಳಿಯಲಿಲ್ಲ. ಅಲುಗಿದರೆ ಮತ್ತೆ ಹಿಡಿದೀತು ಎಂದು ಮಲಗಿದ. ಮಲಗಿ ಮಲಗಿ ಮೈ ಇನ್ನಷ್ಟು ಮರಗಟ್ಟಿತು.

ಮಗಳು ಆಗತಾನೇ ಅಂಬೆಗಾಲಿಡುತ್ತಿದ್ದಳು. ಅಪ್ಪನ ಹಾಸಿಗೆಯ ಹತ್ತಿರ ಬಂದು, ಎತ್ತಿಕೋ ಎಂದು ಎರಡೂ ಕೈ ಚಾಚುವಳು. ಅವನು ಮುಖವನ್ನು ಗೋಡೆಯ ಕಡೆಗೆ ತಿರುಗಿಸುವನು. ಈ ಜನ್ಮದಲ್ಲಿ ಇನ್ನು ನನ್ನ ಕೂಸನ್ನು ಎತ್ತಿಕೊಳ್ಳಲಾರೆನೇನೋ ಎಂದು ಕೊರಗುತ್ತಿದ್ದ. ಅಂಥ ಗಟ್ಟಿ ಆಳು, ಪಾಪ, ಕಂಬಳಿಯೊಳಗೆ ಮುಖ ಮುಚ್ಚಿ ಅಳುತ್ತಿದ್ದ.

ಒಂದು ದಿನ ಗರಡಿಯ ಉಸ್ತಾದರು ನೋಡಲು ಬಂದರು. ಪಕ್ಕದಲ್ಲಿ ಕೂತು ಕೇಳಿದರು: "ಗುಂಡುಕಲ್ಲು ಹೇಗೆ ಎತ್ತುತ್ತೀಯ, ಹೇಳು ನೋಡೋಣ."

"ಮೊದಲು ಕೈಮುಗಿಯುತ್ತೇನೆ. ಕಾಲು ಅಗಲಿಸಿ, ಮಂಡಿ ಮಡಿಸಿ ತಗ್ಗುತ್ತೇನೆ. ಕಲ್ಲನ್ನು ಎದೆಗೆ ಅಪ್ಪಿಕೊಂಡು ತೊಡೆಯ ಬಲದಲ್ಲಿ ಏಳುತ್ತೇನೆ. ನೀವೇ ಕಲಿಸಿದ್ದಲ್ಲವೇ ಉಸ್ತಾದರೇ?"

"ಗಿಲಕಿ ಎತ್ತಿದ್ದು ಹೇಗೆ?"

ಪೈಲ್ವಾನನಿಗೆ ನಗು ಬಂತು. ನಕ್ಕರೆ ಸೊಂಟ ನೋಯುತ್ತಿತ್ತು. "ಗಿಲಕಿಗೂ ಒಂದು ಪಟ್ಟು ಬೇಕೇ?"

"ಕಲ್ಲಿಗೆ ಮರ್ಯಾದೆ ಕೊಟ್ಟೆ, ಅದು ನಿನ್ನನ್ನು ಕಾಪಾಡಿತು. ಗಿಲಕಿಗೆ ಕೊಡಲಿಲ್ಲ, ಅದು ನಿನ್ನನ್ನು ಕೆಡವಿತು. ಮಲಗಿದ್ದು ಸಾಕು, ಏಳು," ಎಂದರು ಉಸ್ತಾದರು.

ಮಾರನೆಯ ಬೆಳಿಗ್ಗೆ ಅವನು ಮಗ್ಗುಲಿಗೆ ಹೊರಳಿ, ಕೈಯೂರಿ, ನಿಧಾನವಾಗಿ ಎದ್ದು ಕೂತ. ಬಾಗಿಲವರೆಗೆ ನಡೆದ. ಕೆಲವು ದಿನಗಳ ಮೇಲೆ ಬೀದಿಯ ತಿರುವಿನವರೆಗೆ, ಆಮೇಲೆ ಕೆರೆಯ ಏರಿಯವರೆಗೆ. ಜಗಲಿಯ ಮೇಲೆ ಹರಟೆಗೆ ಕೂತರೂ ನಡುನಡುವೆ ಎದ್ದು ನಾಲ್ಕು ಹೆಜ್ಜೆ ಅಡ್ಡಾಡಿ ಬರುತ್ತಿದ್ದ. ಒಂದು ಚೊಂಬು ಎತ್ತಬೇಕಾದರೂ ಅದರ ಎದುರಿಗೆ ಹೋಗಿ ನಿಂತು, ಕೈಮುಗಿದು, ಮಂಡಿ ಮಡಿಸಿ, ಮೈಗೆ ಹತ್ತಿರ ಹಿಡಿದು ಏಳುವನು. ಊರಿನವರಿಗೆ ತಮಾಷೆಯೋ ತಮಾಷೆ. "ಇವತ್ತು ಚೊಂಬಿಗೆ ನಮಸ್ಕಾರ, ನಾಳೆ ಸೌಟಿಗೆ ಮಂಗಳಾರತಿ!" ಎಂದು ಆಡಿಕೊಂಡರು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲಾದೀತೇ?

ಅವನಿಗೆ ಮಾತ್ರ ಬೇರೇನೋ ಕಾಣತೊಡಗಿತ್ತು. ಅಬ್ಬಾ, ಒಂದು ದಿನದಲ್ಲಿ ಮನುಷ್ಯ ಎಷ್ಟು ಸಲ ಬಗ್ಗುತ್ತಾನೆ! ಕಾಲು ತೊಳೆಯಲು ಬಗ್ಗುತ್ತಾನೆ, ಚಪ್ಪಲಿಗೆ ಬಗ್ಗುತ್ತಾನೆ, ಒಲೆಗೆ ಬಗ್ಗುತ್ತಾನೆ, ಬಿದ್ದ ಒಂದು ಕಡ್ಡಿಗೂ ಬಗ್ಗುತ್ತಾನೆ. ಅಷ್ಟು ಸಲವೂ ಈ ಬೆನ್ನು ಅವನನ್ನು ಬಗ್ಗಿಸಿ ಮತ್ತೆ ಎತ್ತಿ ನಿಲ್ಲಿಸಿದೆ. ಹುಟ್ಟಿ ಎದ್ದು ನಿಂತ ದಿನದಿಂದ ಒಂದು ಮಾತೂ ಆಡದೆ ಹೊತ್ತಿದೆ. ಊರಿನವರು ಚಪ್ಪಾಳೆ ತಟ್ಟಿದ್ದು ಅದಕ್ಕಲ್ಲ. ತಾನೂ ಒಂದು ದಿನ ಅದರ ಕಡೆ ನೋಡಿರಲಿಲ್ಲ. ಇದನ್ನು ನೆನೆದಾಗ ಅವನ ಮೈ ಜುಮ್ಮೆಂದಿತು. ಆವತ್ತು ಚೊಂಬಿನ ನೀರು ಕುಡಿಯುವುದನ್ನೂ ಮರೆತು ಬಹಳ ಹೊತ್ತು ಹಾಗೆಯೇ ನಿಂತಿದ್ದ.

ಯುಗಾದಿ ಬಂತು. ಪೈಲ್ವಾನ ಎದ್ದು ಓಡಾಡುತ್ತಿದ್ದಾನೆ, ಈ ಸಲ ಕಲ್ಲು ಏಳುತ್ತದೆ ಎಂದು ಗರಡಿಮನೆಯ ಮುಂದೆ ಜನವೋ ಜನ. ಅವನು ಹೆಂಡತಿ ಮಗಳೊಡನೆ ಬಂದ; ಮಗಳನ್ನು ಎತ್ತಿಕೊಳ್ಳುವ ಧೈರ್ಯ ಅವನಿಗೆ ಇನ್ನೂ ಬಂದಿರಲಿಲ್ಲ. ಜನ ದಾರಿ ಬಿಟ್ಟರು. ತಮಟೆಯವರು ಕೋಲು ಎತ್ತಿ ಹಿಡಿದರು. ಅಮ್ಮನ ಕಂಕುಳಿನಿಂದ ಇಳಿದ ಕೂಸು ಅಂಬೆಗಾಲಿಡುತ್ತಾ ಬಂದು, ಕಲ್ಲಿನ ಪಕ್ಕದಲ್ಲಿ ಕೂತು ಅಪ್ಪನಿಗೆ ಕೈ ಚಾಚಿತು.

ಪೈಲ್ವಾನ ಕೂಸಿನ ಎದುರಿಗೆ ನಿಂತ. ಕೈಮುಗಿದ. ಕಾಲು ಅಗಲಿಸಿದ, ಮಂಡಿ ಮಡಿಸಿ ತಗ್ಗಿದ. ಕೂಸನ್ನು ಎದೆಗೆ ಅಪ್ಪಿಕೊಂಡ. ಉಸಿರು ತೆಗೆದುಕೊಂಡ. ಎದ್ದು ನಿಂತ.

ಕೂಸು ಕಿಲಕಿಲ ನಕ್ಕು ಅವನ ಮೀಸೆ ಹಿಡಿದೆಳೆಯಿತು. ಅವನ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ತಮಟೆಯವರು ಕೋಲು ಇಳಿಸಿದರು. ಗುಂಪಿನ ಹಿಂದೆ ನಿಂತಿದ್ದ ಉಸ್ತಾದರು ತಲೆಯ ರುಮಾಲು ತೆಗೆದು ಕೈಮುಗಿದರು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಿಷ್ಯ ಸೊಂಟದ ನೋವನ್ನೂ ಮರೆತು ಕಣ್ಣರಳಿಸಿ ಕೂತಿದ್ದ. ಇನ್ನೂ ಇದೆ ಎಂದು ಕಾದ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ:

"ಆಮೇಲೆ ಬುದ್ಧಿ? ಕಲ್ಲನ್ನು ಎತ್ತಿದನೇ?"

"ನೀನೂ ಕಲ್ಲನ್ನೇ ಕೇಳಿದೆಯಲ್ಲ, ಮರಿ."