ಗೊರವಂಕ ಎಣಿಸಿದ ಹೆಜ್ಜೆಗಳು

ಹೊಳೆದಂಡೆಯ ಅತ್ತಿಮರದಲ್ಲಿ ಕಥೆ ಹೇಳುವ ಗೊರವಂಕವೊಂದಿತ್ತು. ಅದು ಹೇಳಿದ ಕಥೆಯನ್ನು ಗಿಳಿ ಬಾಯಿಪಾಠ ಮಾಡಿಕೊಂಡು ಕಾಡಿನ ಮನೆಮನೆಗೂ ಒಪ್ಪಿಸಿ ಬರುತ್ತಿತ್ತು. ಗೊರವಂಕ ಮಾತ್ರ ಮರದ ಬುಡದ ಮರಳಿನಲ್ಲಿ ಮೂಡಿದ ಹೆಜ್ಜೆಗಳನ್ನು ಎಣಿಸಿ, ತನಗೆ ಕೇಳುಗರೇ ಇಲ್ಲವೆಂದು ಕೊರಗುತ್ತಿತ್ತು.

ಒಂದು ದಿನ ಅದು ಗಿಳಿಗೆ ಅಪ್ಪಣೆ ಮಾಡಿತು: "ಇನ್ನು ಮೇಲೆ ಅರ್ಧ ಕಥೆ ಮಾತ್ರ ಒಯ್ಯಿ. ಉಳಿದರ್ಧ ಬೇಕಾದವರು ನನ್ನ ಮರದ ಬುಡಕ್ಕೇ ಬರಲಿ."

ಗಿಳಿ ಹೊರಟಿತು. ಮೊಲ ಬಂತೇ, ನರಿ ಬಂತೇ ಎಂದು ಗೊರವಂಕ ಗಳಿಗೆಗೊಮ್ಮೆ ಕೆಳಗಿಳಿದು ಮರಳನ್ನು ನೋಡತೊಡಗಿತು. ಸಂಜೆಯ ಹೊತ್ತಿಗೆ ಮರಳಿನ ತುಂಬ ಹೆಜ್ಜೆಯೋ ಹೆಜ್ಜೆ! ಗೊರವಂಕ ಹಿಗ್ಗಿ ಹೀರೇಕಾಯಿಯಾಯಿತು. ಅಷ್ಟರಲ್ಲಿ ಗಿಳಿ ಹಿಂದಿರುಗಿತು.

"ನೋಡಿದೆಯಾ ಗಿಳಿಯೇ, ಕಾಡಿಗೆ ಕಾಡೇ ಇಲ್ಲಿಗೆ ಬಂದುಹೋಗಿದೆ!"

"ಬಂದವರು ಯಾರಾದರೂ ಕಣ್ಣಿಗೆ ಬಿದ್ದರೇ?"

"ನನಗೆ ಪುರುಸೊತ್ತೆಲ್ಲಿತ್ತು? ಎಣಿಸುತ್ತಿದ್ದೆ."

"ಹಾಗಾದರೆ ಒಂದು ಹೆಜ್ಜೆಯ ಮೇಲೆ ನಿನ್ನ ಕಾಲಿಟ್ಟು ನೋಡು," ಎಂದಿತು ಗಿಳಿ.

ಗೊರವಂಕ ಕಾಲಿಟ್ಟಿತು. ಅಳತೆ ಸರಿಹೋಯಿತು. ಪಕ್ಕದ ಹೆಜ್ಜೆಗೂ ಸರಿಹೋಯಿತು. ಮರಳಿನಲ್ಲಿದ್ದ ಹೆಜ್ಜೆಗಳೆಲ್ಲ ಅದರವೇ!

"ಮತ್ತೆ ಆ ಮೊಲ, ನರಿ?"

"ನಿನ್ನೆಯವರೆಗೂ ಎಲ್ಲರೂ ತಮ್ಮ ಮನೆಯಲ್ಲೇ ನಿನ್ನ ಕಥೆ ಪೂರ್ತಿ ಕೇಳಿ ಮಕ್ಕಳನ್ನು ಮಲಗಿಸುತ್ತಿದ್ದರು. ಇವತ್ತು ಮಕ್ಕಳು ಹಟ ಹಿಡಿದವು, ಉಳಿದರ್ಧವನ್ನು ಪಕ್ಕದ ಹೊಂಡದ ಕಪ್ಪೆ ಹೇಳಿತು."

ಗೊರವಂಕಕ್ಕೆ ಮೈಯೆಲ್ಲ ಉರಿಯಿತು. "ಆ ಕಪ್ಪೆಗೆ ನನ್ನ ಕಥೆಯ ಕೊನೆ ಹೇಗೆ ಗೊತ್ತು?"

"ಅದಕ್ಕೆ ಗೊತ್ತಿಲ್ಲ," ಎಂದಿತು ಗಿಳಿ. "ಆದರೆ ಪೂರ್ತಿ ಹೇಳಿತು."