ಕಿರಿಯವನ ಪಾಲು

ಆಫ್ರಿಕದ ಟಾಂಜಾನಿಯಾ ದೇಶದಲ್ಲಿ, ವಿಕ್ಟೋರಿಯಾ ಸರೋವರದ ದಂಡೆಯಲ್ಲಿ, ತಗಡಿನ ಮಾಡಿನ ಒಂದು ಉದ್ದನೆಯ ಮನೆಯಿತ್ತು. ಅದಕ್ಕೆ ಅನಾಥಾಶ್ರಮವೆಂದು ಫಲಕ ಹಾಕಲು ಪೂಜ್ಯ ಮಾತೆ ಅಪೊಲಿನ್ ಅವರು ಕೊನೆಯವರೆಗೂ ಒಪ್ಪಲಿಲ್ಲ. "ಮನೆಗೆ ಯಾರಾದ್ರೂ ಬೋರ್ಡು ಹಾಕ್ತಾರಾ?" ಎಂದುಬಿಡುತ್ತಿದ್ದರಂತೆ. ಕಾರ್ಕಳದ ಕಡೆಯ ಬಡ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ, ಕನ್ಯಾಸ್ತ್ರೀಯಾಗಿ, ಹಡಗು ಹತ್ತಿ ಅಷ್ಟು ದೂರ ಹೋದ ಆ ತಾಯಿ ತಬ್ಬಲಿ ಮಕ್ಕಳ ಜೊತೆ ಜೋಳದ ಗಂಜಿ ಕುಡಿದು, ಅವರ ಪಕ್ಕದಲ್ಲೇ ಚಾಪೆ ಹಾಸಿ ಮಲಗಿ ಆಯುಷ್ಯ ಸವೆಸಿದರು.

ಒಂದು ಅಕ್ಟೋಬರ್ ತಿಂಗಳಲ್ಲಿ ಅವರ ತಮ್ಮ ಸಿಪ್ರಿಯನ್ ಅಲ್ಲಿಗೆ ಬಂದ. ಮೊಂಬಾಸಾದಲ್ಲಿ ದರ್ಜಿ. ದಪ್ಪ ಮೀಸೆ, ಇಸ್ತ್ರಿ ಮುರಿಯದ ಪ್ಯಾಂಟು, ಮೂಗಿನ ತುದಿಯಲ್ಲಿ ಸಿಟ್ಟು. ಅದೇ ಖಂಡದಲ್ಲಿ ವರ್ಷಗಟ್ಟಲೆ ಇದ್ದೂ ಅಕ್ಕನನ್ನು ನೋಡಲು ಒಮ್ಮೆಯೂ ಬಂದಿರಲಿಲ್ಲ. ಈಗ ರೈಲು ಹಿಡಿದು, ಹಡಗು ಹಿಡಿದು ಬಂದದ್ದು ಊರಿನ ಚಿಕ್ಕಮ್ಮನ ಒತ್ತಾಯಕ್ಕೆ. ಆಕೆ ಜಾಣೆ. ಅಕ್ಕ ತಮ್ಮ ಇಬ್ಬರ ಪಾಲಿನ ತೆನೆಯನ್ನೂ ಒಂದೇ ಲಕೋಟೆಯಲ್ಲಿ ಹಾಕಿ ತಮ್ಮನ ವಿಳಾಸಕ್ಕೆ ಕಳಿಸಿದ್ದರು.

ಕರಾವಳಿಯ ಕ್ರೈಸ್ತರಿಗೆ ಸೆಪ್ಟೆಂಬರಿನ ಮರಿಯಮ್ಮನ ಹುಟ್ಟುಹಬ್ಬವೇ ತೆನೆಹಬ್ಬ. ಬುಟ್ಟಿ ತುಂಬ ಹೂವು ಹಿಡಿದ ಮಕ್ಕಳ ಸಾಲು, ಇಗರ್ಜಿಯಲ್ಲಿ ಮಂತ್ರಿಸಿ ಕೊಟ್ಟ ಹೊಸ ಭತ್ತದ ತೆನೆ, ಕೈಗೊಂದು ಕಬ್ಬಿನ ತುಂಡು, ಬಾಳೆಲೆಯಲ್ಲಿ ಹರಿವೆ ಬೆಂಡೆಗಳ ಊಟ. ಆ ಊಟಕ್ಕೆ ಮೊದಲು ಮನೆಯ ಹಿರಿಯರು ತೆನೆಯ ಕಾಳು ಸುಲಿದು, ಅರೆದು, ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಬೆರೆಸಿ, ಹಿರಿಯರಿಂದ ಕಿರಿಯರವರೆಗೆ ಎಲ್ಲರಿಗೂ ಕೊಡಬೇಕು. ಅದು ಮನೆಯವರಿಗೆ ಮಾತ್ರ. ದೂರದಲ್ಲಿ ಇದ್ದವರಿಗೆ ತೆನೆ ಅಂಚೆಯಲ್ಲಿ ಹೋಗುತ್ತದೆ. ಅದು ಕೈಸೇರಿದ ದಿನವೇ ಅವರಿಗೆ ಹಬ್ಬ.

ದಾರಿಯುದ್ದಕ್ಕೂ ಸಿಪ್ರಿಯನ್‌ಗೆ ಹಳೆಯ ಹಬ್ಬಗಳದೇ ನೆನಪು. ಅವನಿಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ತೀರಿಕೊಂಡಿದ್ದರು. ಆಮೇಲೆ ಅವನನ್ನು ಮೀಯಿಸಿದವಳು, ಉಣಿಸಿದವಳು, ಹಬ್ಬದ ದಿನ ಕೊನೆಯ ಲೋಟವನ್ನು "ಇದು ನಮ್ಮ ಕಿರಿಯವನಿಗೆ" ಎಂದು ಅವನ ಬಾಯಿಗಿಟ್ಟವಳು ಅಕ್ಕ. ಎಷ್ಟು ಚೆಂದದ ದಿನಗಳು! ಅವನಿಗೆ ಹತ್ತು ತುಂಬುವಷ್ಟರಲ್ಲಿ ಅಕ್ಕ ಕಾನ್ವೆಂಟ್ ಸೇರಿದರು. ಅಲ್ಲಿಗೆ ಹಬ್ಬ ಮುಗಿಯಿತು. ತನ್ನನ್ನು ಬಿಟ್ಟು ಯಾರ್‍ಯಾರದೋ ಮಕ್ಕಳಿಗೆ ತಾಯಿಯಾಗಲು ಹೋದವಳನ್ನು ಒಂದು ಮಾತು ಕೇಳಲೇಬೇಕು, ಅವಳ ಉತ್ತರ ಹಿಡಿಸದಿದ್ದರೆ ಸಂಬಂಧ ಅಲ್ಲಿಗೇ ಕಡಿದುಹಾಕಬೇಕು ಎಂದು ಅವನು ತೀರ್ಮಾನಿಸಿಕೊಂಡೇ ಬಂದಿದ್ದ.

ಮಾತೆಯವರು ಜಗಲಿಯಲ್ಲಿ ಒಂದು ಪುಟ್ಟ ಹುಡುಗಿಯ ಮುಂದೆ ಕೂತಿದ್ದರು. ಬೋಕೆ ಎಂದು ಅವಳ ಹೆಸರು. ತಾಯಿ ಜ್ವರದಲ್ಲಿ ಸತ್ತ ಮೇಲೆ ಯಾರೋ ತಂದು ಬಿಟ್ಟಿದ್ದರು. ಬಂದಾಗಿನಿಂದ ಅವಳು ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಿರಲಿಲ್ಲ. ಕಣ್ಣು ಗುಳಿಬಿದ್ದು, ಕತ್ತು ನಿಲ್ಲುತ್ತಿರಲಿಲ್ಲ. ಹೀಗೇ ಆದರೆ ಮಗು ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿ ಹೋಗಿದ್ದರು.

ತಮ್ಮನನ್ನು ಕಂಡು ಮಾತೆಯವರ ಮುಖ ಅರಳಿತು. "ಬಂದೆಯಾ ಸಿಪ್ರಿ? ತೆನೆ ತಂದ್ಯಾ?" ಎಂದರು, ನಿನ್ನೆಯಷ್ಟೇ ಪೇಟೆಗೆ ಹೋಗಿ ಬಂದವನನ್ನು ಕೇಳುವ ಹಾಗೆ.

ಅವನು ಲಕೋಟೆ ಕೊಟ್ಟ. ಮೊಂಬಾಸಾದಿಂದ ತಂದ ತೆಂಗಿನಕಾಯಿಗಳನ್ನೂ ಇಳಿಸಿದ. ಇಬ್ಬರ ಹಬ್ಬಕ್ಕೆ ಅಷ್ಟು ಧಾರಾಳ ಸಾಕಿತ್ತು. ಆದರೆ ಮಾತೆಯವರು ತೆನೆ ಸುಲಿದು, ಕಲ್ಲಿನಲ್ಲಿ ಅರೆದು, ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಬೆರೆಸಿ, ಅಷ್ಟನ್ನೂ ಒಲೆಯ ಮೇಲಿನ ಗಂಜಿಯ ದೊಡ್ಡ ಹಂಡೆಗೆ ಸುರಿದುಬಿಟ್ಟರು.

ಸಿಪ್ರಿಯನ್‌ನ ಪಿತ್ತ ನೆತ್ತಿಗೇರಿತು. "ಎಂತ ಅಕ್ಕ ಇದು? ಇದು ನಮ್ಮ ಮನೆಯ ತೆನೆ. ಹೊರಗಿನವ್ರಿಗೆ ಕೊಡುವ ಕ್ರಮ ಉಂಟಾ? ಇವ್ರಿಗೆಲ್ಲ ನೀನು ತಾಯಿ. ಹಾಗಾದ್ರೆ ನಾನು ಯಾರು? ನನ್ನನ್ನು ಯಾರ ಕೈಯಲ್ಲಿ ಬಿಟ್ಟು ಬಂದೆ ನೀನು?"

ಕೇಳಬೇಕೆಂದಿದ್ದ ಮಾತು ಎಲ್ಲರೆದುರೇ ಹೊರಬಿದ್ದಿತ್ತು. ಮಾತೆಯವರು ಸೌಟು ಕೈಗೆತ್ತಿಕೊಂಡರು. ಮಕ್ಕಳು ದೊಡ್ಡವರಿಂದ ಚಿಕ್ಕವರವರೆಗೆ ಸಾಲಾಗಿ ಬಂದು ಲೋಟ ತುಂಬಿಸಿಕೊಂಡರು. ಊರಿನ ಕ್ರಮವೇ ಕ್ರಮ, ಒಂದಿಷ್ಟೂ ತಪ್ಪಿರಲಿಲ್ಲ. ಎಲ್ಲರದೂ ಆದ ಮೇಲೆ ಮಾತೆಯವರು ಇನ್ನೊಂದು ಲೋಟ ತುಂಬಿಸಿ ಎತ್ತಿಹಿಡಿದರು. ಮಕ್ಕಳೆಲ್ಲ ಒಕ್ಕೊರಲಿನಿಂದ ಕೂಗಿದರು: "ಸಿಪ್ರಿ!"

ಅವನು ಬೆಚ್ಚಿಬಿದ್ದ.

"ಅಯ್ಯೋ, ಆ ಸಿಪ್ರಿ ನೀವೇನಾ?" ಅಡುಗೆಯ ಅನಸ್ತಾಸಿಯಾ ಗಲ್ಲಕ್ಕೆ ಕೈಯಿಟ್ಟುಕೊಂಡು ಸ್ವಾಹಿಲಿಯಲ್ಲಿ ಕೇಳಿದಳು. ಆ ಭಾಷೆ ಅವನಿಗೆ ಚೆನ್ನಾಗಿ ಬರುತ್ತಿತ್ತು. "ಪ್ರತಿವರ್ಷ ಈ ಕೊನೆಯ ಲೋಟ ನಿಮ್ಮದೇ. ಈ ಮನೆಯ ಕಿರಿಯವನು ದೂರದಲ್ಲಿದ್ದಾನೆ, ಅವನ ಪಾಲು ಅಂತ ಅಮ್ಮ ಎತ್ತಿಡ್ತಾರೆ. ಹೊಸದಾಗಿ ಬಂದ ಮಗು ಅದನ್ನು ಕುಡೀತದೆ. ನಾವೆಲ್ಲ ಸಿಪ್ರಿ ಅಂದ್ರೆ ಪುಟ್ಟ ಮಗು ಅಂತಲೇ ತಿಳ್ಕೊಂಡಿದ್ದೆವು!"

ಮೀಸೆಯ ಮಗುವನ್ನು ನೋಡಿ ಮಕ್ಕಳು ಬಿದ್ದುಬಿದ್ದು ನಕ್ಕರು. ಸಿಪ್ರಿಯನ್‌ಗೆ ನಗು ಬರಲಿಲ್ಲ. ತನ್ನನ್ನು ಮರೆತ ಮನೆಯೆಂದು ತಾನು ಶಪಿಸುತ್ತಿದ್ದ ಈ ಮನೆಯಲ್ಲಿ ಇಷ್ಟು ವರ್ಷ ತನ್ನ ಹೆಸರಿನ ಲೋಟ ಒಮ್ಮೆಯೂ ತಪ್ಪಿರಲಿಲ್ಲ. ಅವನು ತಲೆ ತಗ್ಗಿಸಿದ.

ಮಾತೆಯವರು ಲೋಟವನ್ನು ಅವನ ಕೈಗಿಟ್ಟರು. "ಈ ಸಲ ನೀನೇ ಬಂದಿದ್ದೀ. ನಿನ್ನ ಪಾಲು, ನಿನ್ನ ಇಷ್ಟ" ಎಂದರು.

ಅವನು ಲೋಟವನ್ನೂ ಒಂದು ಚಮಚವನ್ನೂ ಹಿಡಿದು ಬೋಕೆಯ ಮುಂದೆ ಹೋಗಿ ಕುಳಿತ. ಇಸ್ತ್ರಿ ಮಾಡಿದ ಪ್ಯಾಂಟು ಮಣ್ಣಾಯಿತು. ಚಮಚ ಬಾಯಿಯ ಹತ್ತಿರ ತಂದರೆ ಹುಡುಗಿ ಮುಖ ತಿರುಗಿಸಿದಳು. ಮತ್ತೊಮ್ಮೆ ತಂದ, ಮತ್ತೆ ತಿರುಗಿಸಿದಳು. ಆಗ ಅವನಿಗೆ ನೆನಪಾಯಿತು. ತಾಯಿ ಸತ್ತಾಗ ತಾನೂ ಹೀಗೆಯೇ ಹಲ್ಲು ಕಚ್ಚಿ ಕೂತಿದ್ದ. ಆಗ ಅಕ್ಕ ಚಮಚವನ್ನು ಅವನ ಕೈಗೇ ಕೊಟ್ಟು, "ನನಗೆ ಹಸಿವು ಮಾರಾಯಾ, ನೀನೇ ಉಣಿಸು" ಎಂದು ತನ್ನ ಬಾಯಿ ತೆರೆದಿದ್ದಳು.

ಸಿಪ್ರಿಯನ್ ಚಮಚವನ್ನು ಬೋಕೆಯ ಕೈಯಲ್ಲಿಟ್ಟ. "ನನಗೆ ಹಸಿವಾಗ್ತಿದೆ ಮಗಳೇ, ಉಣಿಸ್ತೀಯಾ?" ಎಂದು ಸ್ವಾಹಿಲಿಯಲ್ಲಿ ಕೇಳಿ ಬಾಯಿ ತೆರೆದು ಕುಳಿತ. ಹುಡುಗಿ ಅವನನ್ನು ಬಹಳ ಹೊತ್ತು ನೋಡಿದಳು. ಚಮಚ ತುಂಬಿಸಿ, ಅರ್ಧ ಚೆಲ್ಲಿ, ಉಳಿದರ್ಧವನ್ನು ಅವನ ಬಾಯಿಗೆ ಹಾಕಿದಳು. ತೆನೆಯ ಘಮ, ತೆಂಗಿನ ಹಾಲು, ಬೆಲ್ಲ. ಸಿಪ್ರಿಯನ್ ಗಳಗಳನೆ ಅತ್ತುಬಿಟ್ಟ. ಬೋಕೆ ಅವನನ್ನೇ ನೋಡುತ್ತ ಇನ್ನೊಂದು ಚಮಚ ತುಂಬಿಸಿದಳು. ಅದನ್ನು ತಾನು ನುಂಗಿದಳು.

ಕೇಳಿದ ಪ್ರಶ್ನೆಗೆ ಉತ್ತರವನ್ನು ಅವನು ಮತ್ತೆ ಕೇಳಲಿಲ್ಲ. ಅಂದಿನಿಂದ ಪ್ರತಿವರ್ಷ ಊರಿನ ತೆನೆ ಹಿಡಿದು, ತೆಂಗಿನಕಾಯಿ ಹೊತ್ತು, ಮಕ್ಕಳಿಗೆ ಅಂಗಿ ಹೊಲಿದುಕೊಂಡು ಬರತೊಡಗಿದ. 'ಅವನು' ಎನ್ನಲು ಇನ್ನು ನನಗೆ ನಾಲಗೆ ಬಾರದು, 'ಅವರು' ಎನ್ನುತ್ತೇನೆ.

ಪೂಜ್ಯ ಮಾತೆಯವರು ಪ್ರಭುವಿನ ಪಾದ ಸೇರಿದ ವರ್ಷವೂ ಸಿಪ್ರಿಯನ್ ಅವರು ಬಂದರು. ಮೀಸೆ ಪೂರ್ತಿ ನರೆತಿತ್ತು. ತೆನೆ ಸುಲಿಯಬೇಕಾದವರು ಮನೆಯ ಹಿರಿಯರು, ಮಾತೆಯವರು ಕೂರುತ್ತಿದ್ದ ಮಣೆ ಖಾಲಿಯಿತ್ತು. ಬೆಳೆದು ನಿಂತ ಬೋಕೆ ಸಿಪ್ರಿಯನ್ ಅವರ ಕೈಹಿಡಿದು ಕರೆತಂದು ಅದರ ಮೇಲೆ ಕೂರಿಸಿದಳು. ಅವರು ಕಾಳು ಸುಲಿದು, ಅರೆದು, ಎಲ್ಲರ ಲೋಟ ತುಂಬಿಸಿ, ಕೊನೆಯದನ್ನು ಎತ್ತಿಹಿಡಿದರು.

"ಸಿಪ್ರಿ!" ಎಂದು ಮಕ್ಕಳು ಕೂಗಿದರು.

ಅವರು ಆ ಲೋಟ ಹಿಡಿದು, ಹಿಂದಿನ ದಿನವಷ್ಟೇ ಬಂದು ಮೂಲೆಯಲ್ಲಿ ಕೂತಿದ್ದ ಮಗುವಿನ ಮುಂದೆ ನೆಲದ ಮೇಲೆ ಕುಳಿತು, ಚಮಚವನ್ನು ಅದರ ಕೈಗಿಟ್ಟು, ಬಾಯಿ ತೆರೆದರು.