ಪಕ್ಕದಂಗಡಿಯ ಕಂಪ್ಯೂಟರ್

ಶಿಷ್ಯ ಚನ್ನವೀರ ಕೇಳಿದ: "ಬುದ್ಧಿ, ನನ್ನ ಜೊತೆಗಾರ ಗುರುಪಾದ ಪ್ರವಚನಕ್ಕೆ ಕೂತರೆ ಜನ ಏಳುವುದೇ ಇಲ್ಲ. ಅವನು ಹೇಗೆ ಹೇಳುತ್ತಾನೋ ನಾನೂ ಹಾಗೆಯೇ ಹೇಳುತ್ತೇನೆ. ಆದರೂ ನನ್ನ ಮುಂದೆ ಯಾಕೆ ಯಾರೂ ಕೂರುವುದಿಲ್ಲ?"

ಕೇಳುವಾಗ ಅವನು ಮುಖ ಕಿವುಚಿಕೊಂಡಿದ್ದ. ಸ್ವಾಮಿಗಳು, ಹೊಟ್ಟೆಯಲ್ಲಿ ಕಿಚ್ಚು ಇಟ್ಟುಕೊಂಡು ಎಷ್ಟು ಹೊತ್ತು ನಿಲ್ಲುತ್ತೀಯ, ಕೂತುಕೋ ಎಂದು ಈ ಕತೆ ಹೇಳಿದರು.

ತಾಲ್ಲೂಕು ಕಚೇರಿಯ ಎದುರು ಒಬ್ಬ ಟೈಪಿಸ್ಟ್ ಅಂಗಡಿ ಇಟ್ಟಿದ್ದ. ಅರ್ಜಿ ಟೈಪ್ ಮಾಡುತ್ತಿದ್ದ, ಅದಕ್ಕೆ ಅಂಟಿಸುವ ಫೋಟೊವನ್ನೂ ತೆಗೆದು ಕೊಡುತ್ತಿದ್ದ. ಸಂಸಾರ ಅದರಿಂದಲೇ ನಡೆಯುತ್ತಿತ್ತು. ಪಕ್ಕದಲ್ಲಿ ಇನ್ನೊಬ್ಬ ಟೈಪಿಸ್ಟ್ ಬಂದು ಅಂಗಡಿ ತೆರೆದ. ಅವನ ಕಂಪ್ಯೂಟರ್ ಗುಂಡಿ ಒತ್ತಿದೊಡನೆ ಶುರುವಾಗುತ್ತಿತ್ತು. ಇವನದು ತೂಕಡಿಸುತ್ತಿತ್ತು. ಅವಸರದ ಜನ ಅತ್ತ ಸರಿದರು. ಅದನ್ನು ನೋಡಿ ನೋಡಿ ಇವನಿಗೆ ಅನ್ನ ಸೇರದಾಯಿತು. ಆ ಅಂಗಡಿಯಲ್ಲಿ ಯಾರು ನಕ್ಕರೂ ತನ್ನನ್ನೇ ಆಡಿಕೊಂಡರು ಎನ್ನಿಸುತ್ತಿತ್ತು.

ಕೊನೆಗೆ, ಪಕ್ಕದವನ ಕಂಪ್ಯೂಟರನ್ನು ಸಜ್ಜು ಮಾಡಿಕೊಟ್ಟಿದ್ದ ರಿಪೇರಿಯವನನ್ನೇ ಹುಡುಕಿ ಕರೆತಂದ.

"ನಿಮ್ಮ ಕೆಲ್ಸ ಏನೇನು ಅಂತ ಹೇಳಿ ಸ್ವಾಮಿ, ಅದಕ್ಕೆ ತಕ್ಕ ಹಾಗೆ ಮಾಡಿಕೊಡ್ತೀನಿ" ಎಂದ ರಿಪೇರಿಯವನು.

"ನನ್ನ ಕೆಲ್ಸ ಕಟ್ಕೊಂಡು ನಿನಗೇನಾಗ್ಬೇಕು? ಅವನದು ಹೇಗಿದೆಯೋ ನನ್ನದೂ ಹಾಗೇ ಇರ್ಬೇಕು. ಅವನದ್ರಲ್ಲಿ ಇಲ್ಲದ್ದು ನನ್ನದ್ರಲ್ಲಿ ಒಂದೂ ಇರಬಾರದು."

ರಿಪೇರಿಯವನಿಗೇನು, ಹೇಳಿದಂತೆ ಮಾಡಿ ಹೋದ.

ಮರುದಿನ ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಶುರುವಾಯಿತು. ಇವನು ಹಿಗ್ಗಿ ಹೀರೇಕಾಯಿಯಾದ. ಮೌಸ್ ಹಿಡಿದ. ಪಕ್ಕದವನು ಎಡಚ, ಅವನ ಮೌಸಿನ ಎಡ ಬಲ ಗುಂಡಿ ಅದಲುಬದಲಾಗಿತ್ತು. ಇವನದೂ ಹಾಗೆಯೇ ಆಗಿತ್ತು. ಪಕ್ಕದವನಿಗೆ ಕಣ್ಣು ಮಂದ, ಅಕ್ಷರ ದಪ್ಪಗೆ ಕಾಣಬೇಕಿತ್ತು. ಕಣ್ಣು ನೆಟ್ಟಗಿರುವ ಇವನ ಪರದೆಯಲ್ಲೂ ಅರ್ಧ ಅರ್ಜಿಯಷ್ಟೇ ಕಾಣುತ್ತಿತ್ತು. ಒಂದು ಅರ್ಜಿ ಮುಗಿಸುವ ಹೊತ್ತಿಗೆ ಬೆವತು ಹೋದ. ಆದರೂ ಮೊದಲಿನಂತೆ ಮಾಡಿಸಿಕೊಳ್ಳಲು ಮನಸ್ಸು ಬರಲಿಲ್ಲ. ಅವನಿಗೆ ಆಗುವುದು ತನಗೇಕೆ ಆಗದು ಎಂಬ ಹಟ.

ಆಗ ಒಬ್ಬ ಮುದುಕಿ ಬಂದಳು. ಪಿಂಚಣಿ ಅರ್ಜಿಗೆ ಅವಳಿಗೆ ಫೋಟೊ ಬೇಕಿತ್ತು. ಇವನು ಫೋಟೊದ ಪ್ರೋಗ್ರಾಂ ಹುಡುಕಿದ. ಪಕ್ಕದವನ ಕಂಪ್ಯೂಟರಿನಲ್ಲಿ ಅದು ಇರಲಿಲ್ಲವಾದ್ದರಿಂದ ರಿಪೇರಿಯವನು ಇಲ್ಲಿಯೂ ಅಳಿಸಿ ಹಾಕಿದ್ದ. ಪಕ್ಕದಲ್ಲಿ ತೆಗೆಸಿಕೊಳ್ಳಮ್ಮ ಎಂದು ಇವನು ಸಿಡುಕಿದ.

"ಅವ್ರೇ ಕಣಪ್ಪ ಕಳ್ಸಿದ್ದು. ಫೋಟೊ ಅಂತ ಯಾರು ಬಂದ್ರೂ ನಿನ್ನ ಹತ್ರಾನೇ ಕಳಿಸ್ತಾರಂತೆ. ಅವರಿಗೆ ಅದು ಬರಲ್ವಂತಲ್ಲ."

ಚನ್ನವೀರ ನಕ್ಕುಬಿಟ್ಟ. ಕೈಯಲ್ಲಿದ್ದದ್ದನ್ನೂ ಕಳೆದುಕೊಂಡನಲ್ಲ ಆ ಪೆದ್ದ ಎಂದ.

ಸ್ವಾಮಿಗಳು ನಗಲಿಲ್ಲ. "ಗುರುಪಾದನಿಗೆ ಹಾಡಲು ಬರುವುದಿಲ್ಲ, ಸರಿ, ನೀನು ಹಾಡುವುದನ್ನು ಯಾಕೆ ಬಿಟ್ಟೆ?"